ಹೊಸ ಮನೆಯ ಗೋಡೆಯೊಳಗೆ ಒಂದು ಪೈಪು ಹೆಚ್ಚಿಗೆ ಇರಲಿ

ಮನೆ ಕಟ್ಟುವಾಗ ನಾವು ಬೆಳೆಗಾರರು ಕಣ, ಉಗ್ರಾಣ, ನೀರಿನ ಟ್ಯಾಂಕು, ಬಚ್ಚಲೊಲೆ ಯಾವುದನ್ನೂ ಮರೆಯುವುದಿಲ್ಲ. ಇಂಟರ್‌ನೆಟ್ಟಿನ ತಂತಿ ಮಾತ್ರ ಗೃಹಪ್ರವೇಶದ ಮಾರನೆಯ ದಿನ ನೆನಪಿಗೆ ಬರುತ್ತದೆ. ನನ್ನ ಪಾಡೂ ಅದೇ ಆಯಿತು.

2019ರಲ್ಲಿ ಮನೆ ಕಟ್ಟಿಸಿದೆ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ತಾರಸಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಮಗ ಕೆಲಸದ ಸಮೇತ ಬೆಂಗಳೂರಿನಿಂದ ಬಂದ. ಫೈಬರ್ ಸಂಪರ್ಕವೂ ಬಂತು. ತಂತಿ ಒಳಬಂದ ಜಗಲಿಯ ಮೂಲೆಯಲ್ಲೇ ರೂಟರ್ ಕೂತಿತು. ಜಗಲಿಯಲ್ಲಿ ಎಲ್ಲವೂ ಸರಿ. ಉಪ್ಪರಿಗೆಯ ಕೋಣೆಯಲ್ಲಿ ಏನೂ ಇಲ್ಲ. ಅಡಿಕೆ ಸುಲಿಯುವವರ ಮಾತಿನ ಮಧ್ಯೆ ಮಗ ಆರು ತಿಂಗಳು ಜಗಲಿಯಲ್ಲೇ ಕೆಲಸ ಮಾಡಿದ. ತೋಟ ನೋಡಿಕೊಂಡು ಇಲ್ಲೇ ಇರುತ್ತೇನೆ ಎನ್ನುತ್ತಿದ್ದವನು ಕೊನೆಗೆ ಹೊರಡುವ ಮಾತೆತ್ತಿದ. ಆಗ ನನಗೆ ಬಿಸಿ ತಟ್ಟಿತು. ಹೊಸ ಪ್ಲಾಸ್ಟರ್ ಒಡೆಸಿದೆ.

ದೋಷ ಸಂಪರ್ಕದ್ದಲ್ಲ, ಗೋಡೆಯದು. ವೈಫೈ ಎಂದರೆ ರೇಡಿಯೋ ಅಲೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ದೂರ ಹೋಗುತ್ತದೆ, ವೇಗ ಕಡಿಮೆ. ಕಬ್ಬಿಣ ಕಟ್ಟಿದ ತಾರಸಿ ಎರಡನ್ನೂ ತಡೆಯುತ್ತದೆ. ಒಂದೇ ಸ್ಪ್ರಿಂಕ್ಲರಿನಿಂದ ಇಡೀ ತೋಟ ತೋಯುವುದಿಲ್ಲ. ಪೈಪೆಳೆದು ಅಲ್ಲಲ್ಲಿ ಜೆಟ್ ನಿಲ್ಲಿಸುತ್ತೇವೆ. ಹಾಗೆಯೇ ಕೇಬಲ್ ಎಳೆದು ಮಹಡಿಗೊಂದರಂತೆ ಆಕ್ಸೆಸ್ ಪಾಯಿಂಟ್ ಇಡುವುದೇ ದಾರಿ.

ಕಟ್ಟುವವರು ಗಮನಿಸಬೇಕಾದದ್ದು ಇಷ್ಟು:

1. ಮನೆಯ ನಡುಭಾಗದಲ್ಲಿ, ಗಾಳಿಯಾಡುವ ಒಂದು ಜಾಗ ಗೊತ್ತುಮಾಡಿ. ಎಲ್ಲ ಕೇಬಲ್ಲುಗಳೂ ಅಲ್ಲಿಗೇ ಬರಲಿ. ಅಲ್ಲಿ ಇನ್ವರ್ಟರಿನ ಪಾಯಿಂಟು ಇರಲೇಬೇಕು.

2. ಅಲ್ಲಿಂದ ಕೋಣೆಕೋಣೆಗೆ 25 ಮಿ.ಮೀ. ಪಿವಿಸಿ ಪೈಪು ಹಾಕಿಸಿ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಬೇಡ, ಒಂದಡಿ ದೂರವಿರಲಿ. ತಿರುವಿನಲ್ಲಿ ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿಸಿ. ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ. ಮುಂದೆ ಕೇಬಲ್ ಬದಲಿಸಲು ಅದೇ ಆಧಾರ. ತಾರಸಿಯೊಳಗಿನ ಪೈಪು ಕಾಂಕ್ರೀಟಿಗೆ ಮುಂಚೆಯೇ ಕೂರಬೇಕು.

3. ಕ್ಯಾಟ್-6 ಕೇಬಲ್, ಪೂರ್ತಿ ತಾಮ್ರದ್ದು ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗಕ್ಕೆ ಸಿಗುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಒಂದು ಎಳೆತ 100 ಮೀಟರ್ ಮೀರಬಾರದು. ಕೋಣೆಗೆ ಎರಡೆರಡು ಎಳೆಯಿರಿ; ಎರಡೂ ತುದಿಗೆ ಹೆಸರು ಬರೆದಿಡಿ.

4. ಆಕ್ಸೆಸ್ ಪಾಯಿಂಟ್ ಮಾಡಿನ ನಡುವೆ ಇರಲಿ. ಕಪಾಟಿನೊಳಗೆ, ಗಾದ್ರೇಜ್ ಬೀರಿನ ಹಿಂದೆ ಬೇಡ. ಪಿಒಇ ಸ್ವಿಚ್ ತೆಗೆದುಕೊಂಡರೆ ಅದೇ ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ. ಬೇರೆ ಪ್ಲಗ್ ಬೇಡ.

ಇನ್ನು ಸಿಡಿಲಿನ ಮಾತು. ನನ್ನ ಎರಡನೆಯ ತಪ್ಪು ಇಲ್ಲಿಯದು. ಕಣದ ಕ್ಯಾಮೆರಾಕ್ಕೆಂದು ಮರದಿಂದ ಮರಕ್ಕೆ ತಾಮ್ರದ ಕೇಬಲ್ ಎಳೆಸಿದ್ದೆ. ಏಪ್ರಿಲಿನ ಒಂದು ಸಂಜೆಯ ಸಿಡಿಲಿಗೆ ಕ್ಯಾಮೆರಾ, ಸ್ವಿಚ್, ರೂಟರ್ ಮೂರೂ ಒಟ್ಟಿಗೆ ಹೋದವು. ಮನೆಯಿಂದ ಹೊರಗೆ ಹೋಗುವ ಎಳೆತಕ್ಕೆ ಫೈಬರೇ ಆಗಬೇಕು. ಅದು ಗಾಜಿನ ಎಳೆ, ವಿದ್ಯುತ್ತು ಹರಿಯದು. ಆದರೆ ಒಳಗೆ ಉಕ್ಕಿನ ತಂತಿ ಇಲ್ಲದ್ದನ್ನೇ ಆರಿಸಿ, ಗುದ್ದಲಿಗೆ ಸಿಗದಷ್ಟು ಆಳದಲ್ಲಿ ಪೈಪಿನೊಳಗೆ ಹೂಳಿಸಿ. ಕರೆಂಟಿನ ದಾರಿಯಲ್ಲೂ ಸಿಡಿಲು ಬರುವುದರಿಂದ, ಮೋಡ ಕಟ್ಟುತ್ತಿರುವಾಗಲೇ ಪ್ಲಗ್ ಕಿತ್ತಿಡುವ ಹಳೆಯ ಅಭ್ಯಾಸ ಬಿಡಬೇಡಿ.

ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಈಗ ಮಗ ಉಪ್ಪರಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾನೆ; ಬೆಳಿಗ್ಗೆ ಒಂದು ಸುತ್ತು ತೋಟಕ್ಕೆ ಇಳಿಯುತ್ತಾನೆ. ಹಾಲಿನ ಗೋಡೆಯ ಮೇಲೆ ಪ್ಲಾಸ್ಟರಿನ ತೇಪೆ ಮಾತ್ರ ಹಾಗೆಯೇ ಉಳಿದಿದೆ. ನಿಮ್ಮ ಮನೆಯಲ್ಲಿ ಅದು ಬಾರದಿರಲಿ ಎಂದು ಇಷ್ಟು ಬರೆದೆ.