ಬಕೆಟ್ಟಿನ ತಳದಲ್ಲೇ ಉಳಿಯುವ ಖನಿಜ ಮಿಶ್ರಣ

ಸಹೋದರಿಯರೇ, ಖನಿಜ ಮಿಶ್ರಣವನ್ನು ಮುಸುರೆಗೆ ಹಾಕಿ ಹಸುವಿಗೆ ಕುಡಿಸುತ್ತೀರಾ? ಕುಡಿಸಿದ ಮೇಲೆ ಬಕೆಟ್ಟಿನ ತಳ ನೋಡಿ. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 350 ಗ್ರಾಂ ಕರಗುತ್ತದೆ. ಸುಣ್ಣ 2 ಗ್ರಾಂ ಕೂಡ ಕರಗದು. ಮಿಶ್ರಣದಲ್ಲಿರುವ ಕ್ಯಾಲ್ಸಿಯಂ, ರಂಜಕದ ಪುಡಿಯೂ ಸುಣ್ಣದ ಜಾತಿಯದೇ. ಎಷ್ಟು ಕಲಕಿದರೂ ಕೆಳಗೆ ಕೂರುತ್ತದೆ. ಹಸು ಮೇಲಿನ ನೀರು ಕುಡಿಯುತ್ತದೆ, ದುಡ್ಡು ಕೊಟ್ಟು ತಂದ ಕ್ಯಾಲ್ಸಿಯಂ ಚರಂಡಿ ಸೇರುತ್ತದೆ. ಕರು ಹಾಕಿದ ಹೊಸದರಲ್ಲಿ ಇದು ಸಣ್ಣ ನಷ್ಟವಲ್ಲ. ಪೊಟ್ಟಣದಲ್ಲಿ ಹೇಳಿದಷ್ಟು ಅಳೆದು, ನೆನೆಸಿದ ಪಶು ಆಹಾರದಲ್ಲಿ ಕಲಸಿ ಕೊಡಿ. ನೀರಿನಲ್ಲಿ ಕರಗದಿದ್ದರೂ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ.

ಯೂರಿಯಾ ಇದಕ್ಕೆ ತದ್ವಿರುದ್ಧ. ಲೀಟರಿಗೆ ಸುಮಾರು ಒಂದು ಕಿಲೋ ಕರಗಿದರೂ ತಳದಲ್ಲಿ ಏನೂ ಕಾಣದು. ಒಣಹುಲ್ಲಿಗೆ ಚಿಮುಕಿಸಲು ಕರಗಿಸಿದ ಯೂರಿಯಾ ನೀರನ್ನು ಹಸು ಕುಡಿದರೆ ಸಾಯಬಹುದು, ಕೊಟ್ಟಿಗೆಯಲ್ಲಿ ತೆರೆದಿಡಬೇಡಿ.