ಸರಕು ವಾಹನದ ಹಿಂಬಾಗಿಲು: ಬೀಗಕ್ಕಿಂತ ಮೊದಲು ನೋಡಬೇಕಾದದ್ದು

ಗೋಕುಲಂ ಬಡಾವಣೆಯ ಅಡ್ಡರಸ್ತೆಗಳಲ್ಲಿ ಮುಚ್ಚಿದ ಪೆಟ್ಟಿಗೆಯ ಸರಕು ವಾಹನಗಳು ರಾತ್ರಿ ಮನೆಗಳ ಮುಂದೆ ನಿಲ್ಲುವುದುಂಟು. ಸಮೀಪದ ಮೇಟಗಳ್ಳಿ, ಹೆಬ್ಬಾಳು ಕೈಗಾರಿಕಾ ಪ್ರದೇಶಗಳಲ್ಲಿ ಸಂಜೆ ಸರಕು ತುಂಬಿಸಿಕೊಂಡರೆ ನಸುಕಿನಲ್ಲೇ ಹೊರಡಬಹುದು. ಆದರೆ ಅಷ್ಟೂ ಹೊತ್ತು ಸರಕಿಗೆ ಹಿಂಬಾಗಿಲಿನ ಬೀಗವೊಂದೇ ಕಾವಲು.

ಬೀಗ ಬಿಗಿಯಾಯಿತೆಂದರೆ ನಮ್ಮವರು ಮೊದಲು ಎಣ್ಣೆ ಹುಡುಕುತ್ತಾರೆ. ಅನೇಕ ವೇಳೆ ದೋಷವಿರುವುದು ಬೀಗದಲ್ಲಲ್ಲ, ಜೋತುಬಿದ್ದ ಬಾಗಿಲಿನಲ್ಲಿ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿಯೇ ಪರೀಕ್ಷಿಸತಕ್ಕದ್ದು. ಏರುಪೇರಾದ ನೆಲದಲ್ಲಿ ಚಾಸಿಸ್ ತಿರುಚಿಕೊಂಡು ಸರಿಯಾದ ಬಾಗಿಲೂ ಕಚ್ಚುತ್ತದೆ. ತೆರೆದ ಬಾಗಿಲನ್ನು ಅಂಚಿನಲ್ಲಿ ಹಿಡಿದು ಮೇಲೆತ್ತಿದಾಗ ಅಲುಗಾಡಿದರೆ ಕೀಲಿನ ಪಿನ್ನು ಸವೆದಿದೆ ಎಂದರ್ಥ. ಹಿಡಿಯನ್ನು ತಿರುಗಿಸಿದಾಗ ಲಾಕ್ ರಾಡಿನ ಮೇಲಿನ ಕೊಕ್ಕೆ, ಕೆಳಗಿನ ಕೊಕ್ಕೆ ಒಟ್ಟಿಗೇ ಕೂರಬೇಕು. ಕೆಳಗಿನದಷ್ಟೇ ಕೂತರೆ ರಾಡು ತಿರುಚಿರಬಹುದು. ಸುತ್ತಿಗೆಯಿಂದ ಬಡಿದು ಕೂರಿಸುವ ಪದ್ಧತಿಯೇ ಬಹುಪಾಲು ರಾಡುಗಳನ್ನು ಕೆಡಿಸಿದೆ.

ಆ ಕೊಕ್ಕೆಗಳ ಇನ್ನೊಂದು ಕೆಲಸ ಬಾಗಿಲಂಚಿನ ರಬ್ಬರನ್ನು ಒತ್ತಿ ಹಿಡಿಯುವುದು. ಆಷಾಢದ ಮಳೆಯಲ್ಲಿ ಅಗರಬತ್ತಿಯ ಪೆಟ್ಟಿಗೆಗಳನ್ನು ಮಂಗಳೂರಿಗೆ ಕಳುಹಿಸುವವರಿಗೆ ಇದು ಕಳ್ಳತನದಷ್ಟೇ ಮುಖ್ಯ. ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿರಿ. ಎಳೆದಾಗ ಸಲೀಸಾಗಿ ಬಂದರೆ ನೀರೂ ಬರುತ್ತದೆ. ರಬ್ಬರಿಗೆ ಗ್ರೀಸು ತಗುಲಿಸಬಾರದು, ಉಬ್ಬಿ ಮೆತ್ತಗಾಗುತ್ತದೆ. ಗ್ರೀಸು ಕೀಲು ಮತ್ತು ಕೊಕ್ಕೆಗಳಿಗೆ. ಬೀಗದ ಕೈ ಹೋಗುವ ತೂತಿಗೆ ಗ್ರಾಫೈಟ್ ಪುಡಿ. ಮನೆಯ ಕೊಬ್ಬರಿ ಎಣ್ಣೆ ಅಲ್ಲಿ ಧೂಳು ಹಿಡಿದು ಅಂಟಾಗುತ್ತದೆ.

ಒಳ್ಳೆಯ ಬೀಗ ಕೊಂಡು, ಅದನ್ನು ಹಾಕುವ ಪಟ್ಟಿಗೆ ಹೊರಗಿನಿಂದಲೇ ಸ್ಪ್ಯಾನರಿಗೆ ಸಿಗುವ ಬೋಲ್ಟು ಬಿಗಿಸಿರುವುದನ್ನು ಕಾಣುತ್ತೇವೆ. ಕಳ್ಳನಿಗೆ ಬೀಗ ಮುಟ್ಟುವ ಅಗತ್ಯವೇ ಇಲ್ಲ! ಹೊರಗೆ ಉರುಟು ತಲೆ, ಒಳಗೆ ನಟ್ಟು ಇರುವಂತೆ ಬಾಡಿ ಕಟ್ಟುವವರಲ್ಲಿ ಹೇಳಿ ಮಾಡಿಸಬೇಕು.

ವಿಮೆಯ ದೃಷ್ಟಿಯಿಂದಲೂ ಇದಕ್ಕೆ ಮಹತ್ವವಿದೆ. ಗೋದಾಮಿನ ಸರಕಿನ ಕಳವಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಪಾಲಿಸಿಯಲ್ಲಿ ಬಲಪ್ರಯೋಗದ ಷರತ್ತಿರುವಾಗ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಸಲ್ಲದೆಂದು ತೀರ್ಪಿತ್ತಿತು. ಸಾಗಣೆ ವಿಮೆಯ ಷರತ್ತುಗಳು ಬೇರೆ ಇರಬಹುದು. ತಮ್ಮ ಪಾಲಿಸಿಯಲ್ಲಿ ಏನಿದೆಯೆಂಬುದನ್ನು ಸದಸ್ಯರು ಓದಿ ನೋಡಬೇಕು. ಬಾಗಿಲಿನ ದುರಸ್ತಿ ಬಿಲ್ಲುಗಳನ್ನು ವಾಹನದ ಕಡತದಲ್ಲಿ ಇಡಿರಿ. ಕಳವಾದಲ್ಲಿ ಕೂಡಲೇ ಪೊಲೀಸರಿಗೆ ದೂರು ಕೊಟ್ಟು, ವಿಮಾ ಸರ್ವೇಯರು ನೋಡುವವರೆಗೆ ಒಡೆದ ಬೀಗವನ್ನು ಎಸೆಯದಿರಿ.