ಗಂಡು ಸಾಲಿನ ಲೆಕ್ಕ

ಇಂದು ಸೌರ ವಿದ್ಯುತ್ತಿಗೆ ಹೆಸರಾದ ತಿರುಮಣಿ ಇರುವ ಪಾವಗಡ ತಾಲ್ಲೂಕಿನಲ್ಲೇ ನಿಡುಗಲ್ಲು ದುರ್ಗವೂ ಇದೆ. ಈ ಸೀಮೆ ಆಳಿದ ಹರತಿ ಪಾಳೆಯಗಾರರಲ್ಲಿ ಹಿಂದಿನವನಾದ ತಿಪ್ಪಣ್ಣ ನಾಯಕ ತನ್ನ ನಾಡನ್ನು ಏಳು ಗಂಡುಮಕ್ಕಳಿಗೆ ಹಂಚಿಕೊಟ್ಟನೆಂದು ಹೇಳಿಕೆ. ಹೊಲದಂತೆ ರಾಜ್ಯವನ್ನೂ ಹಂಚುತ್ತ ಹೋದರೆ ಕೊನೆಗೆ ಉಳಿಯುವುದು ತುಂಡು. ಪಟ್ಟ ಒಬ್ಬನಿಗೇ, ಅದೂ ಹಿರಿಯ ಮಗನಿಗೆ ಎಂಬ ಕಟ್ಟಳೆ ಈ ತೊಡಕನ್ನು ತಪ್ಪಿಸುತ್ತದೆ.

ತಪ್ಪಿಸಿ ಇನ್ನೊಂದನ್ನು ತರುತ್ತದೆ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಇಬ್ಬರೂ ಹೆಣ್ಣಾಗುವ ಸಂಭವ ಸುಮಾರು ನಾಲ್ಕರಲ್ಲಿ ಒಂದು. 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ಮನೆತನದ ಹೆಸರುಗಳು ಅಳಿಯುವುದೇಕೆ ಎಂದು ಕೇಳಿದ. ಹೆನ್ರಿ ವ್ಯಾಟ್ಸನ್ ಲೆಕ್ಕ ಹೂಡಿದ. (ಅವನ ಉತ್ತರದಲ್ಲಿ ತಪ್ಪಿತ್ತು, ದಾರಿ ಸರಿಯಿತ್ತು.) ಒಬ್ಬೊಬ್ಬ ಗಂಡಿಗೆ ಸರಾಸರಿ ಒಬ್ಬನೇ ಮಗ ಬದುಕಿ ಬೆಳೆಯುವುದಾದರೆ, ಕೆಲವರಿಗೆ ಹೆಚ್ಚು, ಕೆಲವರಿಗೆ ಇಲ್ಲವೇ ಇಲ್ಲ ಎಂಬ ಏರುಪೇರಿನಿಂದಲೇ ಗಂಡು ಸಾಲು ಒಂದಲ್ಲ ಒಂದು ತಲೆಮಾರಿಗೆ ನಿಂತೇಹೋಗುತ್ತದೆ. ಸರಾಸರಿ ಒಂದಕ್ಕಿಂತ ಹೆಚ್ಚಿದ್ದರೂ ಅಪಾಯ ಪೂರ್ತಿ ತಪ್ಪದು.

ಮೈಸೂರು ಅರಮನೆಯಲ್ಲಿ ನಡೆದದ್ದೂ ಇದೇ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಬರುವ ಮಗನಿರಲಿಲ್ಲ. ವಾರಸುದಾರನಿಲ್ಲವೆಂದು ಗವರ್ನರ್ ಜನರಲ್ ಡಾಲ್‌ಹೌಸಿ 1848ರಲ್ಲಿ ಸಾತಾರವನ್ನು ನುಂಗಿದ್ದು ಆಗಿನ್ನೂ ಹಸಿ ನೆನಪು. ಮುದುಕ ಮಹಾರಾಜರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಅದನ್ನು ಒಪ್ಪಿದ್ದು 1867ರಲ್ಲಿ. ಮುಂದೆ ಚಾಮರಾಜೇಂದ್ರರ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಮಕ್ಕಳಿರಲಿಲ್ಲ. ಯುವರಾಜರಾಗಿದ್ದ ತಮ್ಮ 1940ರ ಮಾರ್ಚ್‌ನಲ್ಲಿ, ನಾಲ್ವಡಿಯವರು ಆಗಸ್ಟ್‌ನಲ್ಲಿ ತೀರಿಕೊಂಡರು. ಪಟ್ಟ ತಮ್ಮನ ಮಗ ಜಯಚಾಮರಾಜರಿಗೆ ಹೋಯಿತು. ಅವರ ಮಗ ಶ್ರೀಕಂಠದತ್ತರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಅವರ ಪತ್ನಿ ಪ್ರಮೋದಾದೇವಿಯವರು 2015ರಲ್ಲಿ ಯದುವೀರರನ್ನು ದತ್ತು ಪಡೆದರು. ಇದಕ್ಕೆಲ್ಲ ಕಾರಣ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ತಲಕಾಡಿನ ಅಲಮೇಲಮ್ಮನ ಶಾಪವೆಂದು ಜನ ಹೇಳುತ್ತಾರೆ. ಗಾಲ್ಟನ್ ಲೆಕ್ಕಕ್ಕೆ ಶಾಪದ ಹಂಗಿಲ್ಲ.

ಸ್ವಾರಸ್ಯ ಇನ್ನೊಂದಿದೆ. ಯದುವೀರರು ಜಯಚಾಮರಾಜರ ಹಿರಿಯ ಮಗಳು ಗಾಯತ್ರಿದೇವಿಯವರ ಮಗಳ ಮಗ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತು ಈ ದಾರಿಯಲ್ಲಿ ಬರುವುದಿಲ್ಲ. ಉಳಿದ ವರ್ಣತಂತುಗಳಲ್ಲಿ ಸರಾಸರಿ ಎಂಟನೆಯ ಒಂದು ಪಾಲು ಮುತ್ತಜ್ಜನದು. ಅಂದರೆ ಅರಮನೆಯ ರಕ್ತ ನಿಂತಿರಲಿಲ್ಲ, ಹೆಣ್ಣುಮಕ್ಕಳಲ್ಲಿ ಹರಿಯುತ್ತಲೇ ಇತ್ತು. ಕಟ್ಟಳೆ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ. ಉಳ್ಳಾಲದ ಅಬ್ಬಕ್ಕನ ಚೌಟರ ಮನೆತನ, ಹೆಣ್ಣಿನ ಸಾಲಿನಲ್ಲಿ ವಾರಸಿಕೆ ಇಳಿಯುವ ಅಳಿಯಸಂತಾನ ಪದ್ಧತಿಯಲ್ಲಿ ಅದನ್ನೇ ಲೆಕ್ಕಕ್ಕೆ ಹಿಡಿದಿತ್ತು.

ಬ್ರಿಟನ್ ತನ್ನ ಸಿಂಹಾಸನಕ್ಕೆ ಗಂಡುಮಗ ಮೊದಲು ಎಂಬ ನಿಯಮವನ್ನು ಕೈಬಿಡುವ ಕಾನೂನು ಮಾಡಿದ್ದು 2013ರಲ್ಲಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು.